ಸೆಲ್ ಮೇಲಿನ ನಂಬರ್ ನಂಬಬೇಡಿ, ಅಳೆದು ನೋಡಿ

ಗೊಬ್ಬರ ಕೊಂಡ್ರೆ ಮೂಟೆ ಮೇಲಿನ ಎನ್‌ಪಿಕೆ ನೋಡ್ತೀವಿ. ಬಿತ್ತನೆ ಬೀಜದ ಮೇಲೆ ಅನುಮಾನ ಬಂದ್ರೆ ಒದ್ದೆ ಗೋಣಿಚೀಲದಲ್ಲಿ ನೂರು ಕಾಳು ಸುತ್ತಿಟ್ಟು ಎಷ್ಟು ಮೊಳೆತವು ಅಂತ ಎಣಿಸ್ತೀವಿ. ಆದ್ರೆ ರಾತ್ರಿ ನೀರು ಕಟ್ಟೋಕೆ ಹೋಗುವಾಗ ಕೈಯಲ್ಲಿ ಹಿಡಿಯೋ ಟಾರ್ಚಿನ ಸೆಲ್ ವಿಷಯದಲ್ಲಿ ಮಾತ್ರ ಅಂಗಡಿಯವನು ಹೇಳಿದ್ದೇ ವೇದವಾಕ್ಯ. ನನ್ನ ಪ್ರಕಾರ ಇದು ಬದಲಾಗಬೇಕು. ಊರಿಗೊಂದು, ಇಲ್ಲಾಂದ್ರೆ ಐದಾರು ಜನ ಗೆಳೆಯರ ಗುಂಪಿಗೊಂದು, ಸೆಲ್‌ನ ನಿಜವಾದ ಶಕ್ತಿ ಅಳೆಯೋ ಚಾರ್ಜರ್ ಇರಲೇಬೇಕು.

ಇದೇನು ಶೋಕಿ ಸಾಮಾನಲ್ಲ. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅನ್ನೋದು ಸರ್ಕಾರದ ಮಾತು. ಅದು ಪಾಳಿಯಲ್ಲಿ ಬರ್ತದೆ, ಎಷ್ಟೋ ಫೀಡರ್‌ಗಳಲ್ಲಿ ರಾತ್ರಿ ಹೊತ್ತಿಗೇ ಬರ್ತದೆ. ಕತ್ತಲಲ್ಲಿ ಬದು ಮೇಲೆ ನಡೀಬೇಕು, ಹಾವು ನೋಡ್ಕೋಬೇಕು. ಹೆಗ್ಗಡದೇವನಕೋಟೆ, ಹುಣಸೂರು ಕಡೆ ಆನೆ, ಹಂದಿ. 2022ರ ಕೊನೆಯಿಂದ 2023ರ ಜನವರಿವರೆಗೆ ಟಿ. ನರಸೀಪುರ ತಾಲೂಕಿನಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳ್ಕೊಂಡಿದ್ದು ಯಾರೂ ಮರೆತಿಲ್ಲ. ಅಂಥಾ ಕಡೆ ಟಾರ್ಚು ನಡುದಾರಿಯಲ್ಲಿ ಆರಿಹೋದ್ರೆ ಏನಾಗ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಟಾರ್ಚಿಗೇ ‘ಬ್ಯಾಟ್ರಿ’ ಅಂತೀವಲ್ಲ, ಸರಿಯಾಗೇ ಹೇಳ್ತೀವಿ. ಒಳಗಿನ ಸೆಲ್ ಸರಿ ಇಲ್ಲದಿದ್ರೆ ಹೊರಗಿಂದು ಬರೀ ಕೊಳವೆ.

ಈಗ ಹೆಚ್ಚಿನ ಟಾರ್ಚು, ತಲೆಗೆ ಕಟ್ಟೋ ಲೈಟುಗಳಲ್ಲಿ ಇರೋದು 18650 ಅನ್ನೋ ಲಿಥಿಯಂ ಸೆಲ್. ಹೆಸರೇ ಅಳತೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ಅಂದ್ರೆ ದುಂಡನೆಯದು. ಸೋನಿ ಕಂಪನಿ 1991ರಲ್ಲಿ ಮೊದಲ ಬಾರಿ ಮಾರುಕಟ್ಟೆಗೆ ಬಿಟ್ಟ ಲಿಥಿಯಂ ಅಯಾನ್ ಜಾತಿಯದೇ ಇದು. ಇಷ್ಟು ಗಾತ್ರದ ಕೊಳವೆಯಲ್ಲಿ ಎಷ್ಟು ಶಕ್ತಿ ತುಂಬಬಹುದು ಅನ್ನೋದಕ್ಕೆ ಮಿತಿ ಇದೆ. ಒಳ್ಳೆ ಕಂಪನಿಯ ಸೆಲ್ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್. ಆದ್ರೆ ಸಂತೆಯಲ್ಲಿ, ಆನ್‌ಲೈನ್‌ನಲ್ಲಿ ನೋಡಿ: 6800, 8800, 9900! ಹತ್ತು ಲೀಟರ್ ಬಿಂದಿಗೆಯಲ್ಲಿ ಮೂವತ್ತು ಲೀಟರ್ ಹಾಲಿದೆ ಅಂದಂಗೆ.

ನಾನು ಇರೋದು ಮೈಸೂರಿನ ಹೆಬ್ಬಾಳದಲ್ಲಿ, ಕೈಗಾರಿಕಾ ಪ್ರದೇಶದ ಪಕ್ಕ. ಇಲ್ಲಿ ಬಾಡಿಗೆ ರೂಮು ಮಾಡ್ಕೊಂಡಿರೋ ಹುಡುಗರಲ್ಲಿ ತುಂಬಾ ಜನ ವಾರದಲ್ಲಿ ಆರು ದಿನ ಫ್ಯಾಕ್ಟರಿ ಶಿಫ್ಟು, ಏಳನೇ ದಿನ ಊರಲ್ಲಿ ಹೊಲ. ಇಲವಾಲ, ಬಿಳಿಕೆರೆ, ಶ್ರೀರಂಗಪಟ್ಟಣ ಕಡೆಯವರು. ಅವರು ಶನಿವಾರ ರಾತ್ರಿ ಊರಿಗೆ ಹೊರಡೋ ಮುಂಚೆ ನನ್ನ ರೂಮಿಗೆ ಸೆಲ್ ತಂದು ಕೊಡ್ತಾರೆ. ನಾಲ್ಕು ಸ್ಲಾಟಿನ ಚಾರ್ಜರ್, ಒಂದು ನೋಟ್ ಪುಸ್ತಕ, ಒಂದು ಮಾರ್ಕರ್ ಪೆನ್ನು, ಇಷ್ಟೇ ನನ್ನ ಪ್ರಯೋಗಶಾಲೆ.

ಒಬ್ಬ ತಂದಿದ್ದ 9900 ಅಂತ ಬರೆದ ಎರಡು ಸೆಲ್ ಅಳೆದಾಗ ಬಂದಿದ್ದು 1140 ಮತ್ತು 870. ಇನ್ನೊಬ್ಬ ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತಂದಿದ್ದ ಸೆಲ್ 1650 ಕೊಡ್ತು. ಹೆಸರಿರೋ ಕಂಪನಿಯ 2600 ಸೆಲ್, ಒಂದು ವರ್ಷ ಬಳಸಿದ ಮೇಲೂ 2510. ಇದರ ಅರ್ಥ ನೋಡಿ. ಟಾರ್ಚು ಗಂಟೆಗೆ 1000 ಎಂಎಎಚ್ ತಿನ್ನೋ ಬೆಳಕಿನಲ್ಲಿ ಉರೀತಿದ್ರೆ 2510ರ ಸೆಲ್ ಎರಡೂವರೆ ಗಂಟೆ ಬರ್ತದೆ. 870ರದ್ದು ಒಂದು ಗಂಟೆಯೂ ಇಲ್ಲ. ಹುಡುಗ ಎರಡಕ್ಕೂ ‘ಫುಲ್ ಚಾರ್ಜ್’ ಅಂತಲೇ ಹೇಳ್ತಿದ್ದ, ಅವನದೂ ತಪ್ಪಲ್ಲ, ಇನ್ನೂರು ರೂಪಾಯಿ ಚಾರ್ಜರಲ್ಲಿ ಎರಡಕ್ಕೂ ಹಸಿರು ದೀಪವೇ ಹತ್ತೋದು.

ಹಸಿರು ದೀಪ ಹೇಳೋದು ಒಂದೇ ಮಾತು, ಸೆಲ್ 4.2 ವೋಲ್ಟ್ ಮುಟ್ಟಿದೆ ಅಂತ. ಲೋಟ ತುಂಬಿದೆ ಅಂತ ಹೇಳ್ತದೆ, ಲೋಟ ಎಷ್ಟು ದೊಡ್ಡದು ಅಂತ ಹೇಳಲ್ಲ. ಅನಲೈಸರ್ ಇರೋ ಚಾರ್ಜರ್ ಮಾಡೋದು ಬೇರೆ ಕೆಲಸ. ಮೊದಲು ಪೂರ್ತಿ ತುಂಬ್ತದೆ, ಆಮೇಲೆ ಗೊತ್ತಾದ ವೇಗದಲ್ಲಿ ಖಾಲಿ ಮಾಡ್ತಾ ಎಷ್ಟು ಹೊರಬಂತು ಅಂತ ಎಣಿಸ್ತದೆ, ಕೊನೆಗೆ ಮತ್ತೆ ತುಂಬಿ ಕೊಡ್ತದೆ. ಪ್ರತಿ ಸ್ಲಾಟಿಗೂ ಬೇರೆ ಬೇರೆ ಲೆಕ್ಕ.

ಯಾವುದು ಕೊಳ್ಳಬೇಕು ಅಂತ ಕೇಳೋರಿಗೆ ನನ್ನ ಅಭಿಪ್ರಾಯ ಹೇಳ್ತೀನಿ. ಸ್ಕೈಆರ್‌ಸಿ ಎಂಸಿ3000 ಅನ್ನೋದು ಬ್ಲೂಟೂತ್‌ನಲ್ಲಿ ಫೋನಿಗೆ ಸೇರ್ಕೊಂಡು ಗ್ರಾಫ್ ತೋರಿಸ್ತದೆ. ನೋಡೋಕೆ ಚೆಂದ, ರೈತನಿಗೆ ಅಷ್ಟು ಬೇಡ. ಲಿಟೊಕಾಲಾ ಲೀ-500, ಓಪಸ್ ಬಿಟಿ-ಸಿ3100 ದರ್ಜೆಯ ನಾಲ್ಕು ಸ್ಲಾಟಿನ ಯಂತ್ರ ಧಾರಾಳ ಸಾಕು. ನೋಡಬೇಕಾದ್ದು ಡಿಸ್‌ಚಾರ್ಜ್ ಮಾಡಿ ಅಳೆಯೋ ‘ಟೆಸ್ಟ್’ ಇದೆಯಾ ಅಂತ. ಬರೀ ಪರದೆ ಇದ್ದು ವೋಲ್ಟ್ ತೋರಿಸೋ ಚಾರ್ಜರುಗಳೂ ಬರ್ತವೆ, ಮೋಸ ಹೋಗಬೇಡಿ.

ಅಳೆಯೋದು ಹೇಗೆ

ಚಾರ್ಜರ್ ಮುಟ್ಟೋ ಮುಂಚೆ ಸೆಲ್ಲನ್ನ ತಕ್ಕಡಿಗೆ ಹಾಕಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಆದ್ರೂ ಆದೀತು. ಸಾಚಾ 18650 ಸುಮಾರು 45 ಗ್ರಾಂ ತೂಗ್ತದೆ. 30 ಗ್ರಾಂ ಆಸುಪಾಸು ಬಂದ್ರೆ ಅದರೊಳಗೆ ಸರಕು ಕಮ್ಮಿ ಅಂತಲೇ ಲೆಕ್ಕ. ಕೊಳ್ಳೋವಾಗಲೇ ಅಂಗಡಿಯಲ್ಲಿ ತೂಗಿಸಿ ನೋಡಿ, ಅಂಗಡಿಯವನ ಮುಖ ನೋಡೋದೂ ಒಂದು ಪರೀಕ್ಷೆಯೇ.

ಟೆಸ್ಟಿಗೆ 500 ಎಂಎ ವೇಗ ಇಟ್ಕೊಳ್ಳಿ. ಒಳ್ಳೆ 2600ರ ಸೆಲ್ ಖಾಲಿಯಾಗೋಕೆ ಐದು ಗಂಟೆ, ತುಂಬೋಕೆ ಅದಕ್ಕಿಂತ ಸ್ವಲ್ಪ ಜಾಸ್ತಿ. ತುಂಬಿ, ಖಾಲಿ ಮಾಡಿ, ಮತ್ತೆ ತುಂಬೋದು ಅಂದ್ರೆ ಹೆಚ್ಚೂಕಮ್ಮಿ ಹದಿನಾರು ಗಂಟೆ. ಅದಕ್ಕೇ ನಾನು ಮೊದಲ ಚಾರ್ಜನ್ನ ಹಿಂದಿನ ದಿನವೇ ಮುಗಿಸಿ, ಬೆಳಗ್ಗೆ ಎದ್ದು ಟೆಸ್ಟಿಗೆ ಹಾಕ್ತೀನಿ. ಆಗ ಎಚ್ಚರ ಇರೋ ಹೊತ್ತಲ್ಲೇ ಕೆಲಸ ಮುಗೀತದೆ. ಇನ್ನೊಂದು ತೊಂದರೆ, ನಡುವೆ ಕರೆಂಟ್ ಹೋದ್ರೆ ಇಂಥ ಹೆಚ್ಚಿನ ಯಂತ್ರಗಳು ಲೆಕ್ಕ ಮರೆತು ಮೊದಲಿಂದ ಶುರು ಮಾಡ್ತವೆ. ಊರಲ್ಲಿ ಮಾಡೋರು ಯುಪಿಎಸ್ ಲೈನಿಗೆ ಹಾಕಿ.

ಬಂದ ಅಂಕಿಯನ್ನ ತಾರೀಖಿನ ಸಮೇತ ಸೆಲ್ ಮೇಲೇ ಬರೆದುಬಿಡಿ. ಆರು ತಿಂಗಳಿಗೊಮ್ಮೆ ಮತ್ತೆ ಅಳೀರಿ. ಹೊಸದಿದ್ದಾಗಿನ ಶಕ್ತಿಯ 80 ಪರ್ಸೆಂಟಿಗಿಂತ ಕೆಳಗಿಳಿದ್ರೆ ಸೆಲ್ಲಿನ ಆಯಸ್ಸು ಮುಗೀತು ಅಂತ ಕಂಪನಿಗಳ ಲೆಕ್ಕ. ನಾನು ಅಷ್ಟು ಬಿಗಿ ಮಾಡಲ್ಲ. ರಾತ್ರಿ ಹೊಲಕ್ಕೆ ಒಯ್ಯೋ ಟಾರ್ಚಿಗೆ 80ರ ಮೇಲಿನದು, ಕೊಟ್ಟಿಗೆಯ ಲೈಟಿಗೆ 60ರವರೆಗಿನದು. ಅದಕ್ಕೂ ಕೆಳಗಿನದು ಬೇಡ.

ಒಳಗಿನ ರೆಸಿಸ್ಟೆನ್ಸ್ ಅಂತ ಮಿಲಿ ಓಮ್‌ನಲ್ಲಿ ಒಂದು ಅಂಕಿ ತೋರಿಸ್ತದಲ್ಲ, ಅದನ್ನ ಒಂದೇ ಸಲ ನೋಡಿ ನಂಬಬೇಡಿ. ಸೆಲ್ ತೆಗೆದು ಹಾಕಿದ್ರೆ ಸಾಕು, ಅಂಕಿ ಬದಲಾಗ್ತದೆ, ಯಾಕಂದ್ರೆ ಸ್ಪ್ರಿಂಗ್ ಎಷ್ಟು ಒತ್ತಿ ಕೂತಿದೆ ಅನ್ನೋದೂ ಅದರಲ್ಲಿ ಸೇರ್ಕೊಳ್ತದೆ. ಮೂರು ಸಲ ನೋಡಿ, ಪಕ್ಕದ ಸೆಲ್ ಜೊತೆ ಹೋಲಿಸಿ. ಒಂದೇ ಜಾತಿಯ ನಾಲ್ಕರಲ್ಲಿ ಒಂದು ಮಾತ್ರ ಎರಡು ಮೂರು ಪಟ್ಟು ಜಾಸ್ತಿ ತೋರಿಸಿದ್ರೆ ಅದೇ ಕಾಯಿಲೆಯ ಸೆಲ್.

ಬೆಂಕಿಯ ಮಾತು

ಲಿಥಿಯಂ ಜೊತೆ ಸಲಿಗೆ ಬೇಡ. ಹುಲ್ಲಿನ ಮೆದೆ, ಅಟ್ಟ, ಗೋಣಿಚೀಲ, ಹಾಸಿಗೆ ಇರೋ ಕಡೆ ಚಾರ್ಜಿಗೆ ಹಾಕಬೇಡಿ. ಸಿಮೆಂಟ್ ನೆಲವೋ ಕಲ್ಲು ಚಪ್ಪಡಿಯೋ ಇರಲಿ. ಕೈಯಲ್ಲಿ ಹಿಡಿಯೋಕೆ ಆಗದಷ್ಟು ಬಿಸಿಯಾದ್ರೆ ಪ್ಲಗ್ ತೆಗೆದು ಹೊರಗಿಡಿ. ಮೇಲಿನ ಪ್ಲಾಸ್ಟಿಕ್ ಹರಿದ ಸೆಲ್, ಜಜ್ಜಿದ ಸೆಲ್, ನೀರು ಕುಡಿದ ಸೆಲ್ ಚಾರ್ಜರ್ ಹತ್ತಿರವೂ ಬರಬಾರದು. ತಿಂಗಳುಗಟ್ಟಲೆ ಬಿದ್ದು 2 ವೋಲ್ಟಿಗಿಂತ ಕೆಳಗೆ ಹೋದ ಸೆಲ್ಲನ್ನ ಎಬ್ಬಿಸೋ ವಿದ್ಯೆ ಯೂಟ್ಯೂಬಲ್ಲಿ ಬೇಕಾದಷ್ಟು ಸಿಗ್ತದೆ. ಅದು ಎದ್ರೂ ಒಳಗೆ ಕೆಟ್ಟಿರ್ತದೆ. ನೂರಿನ್ನೂರು ರೂಪಾಯಿ ಉಳಿಸೋಕೆ ಹೋಗಿ ಮನೆ ಸುಟ್ಕೊಳ್ಳೋ ಬುದ್ಧಿವಂತಿಕೆ ನಮಗೆ ಬೇಡ.

ಇನ್ನೊಂದು, ಇದನ್ನ ತುಂಬಾ ಜನ ಗಮನಿಸಲ್ಲ. ಸೋಲಾರ್ ದೀಪ, ಸೋಲಾರ್ ಕೀಟದ ಬಲೆಗಳಲ್ಲಿ ಅದೇ ಗಾತ್ರದ, ಆದ್ರೆ 3.2 ವೋಲ್ಟ್ ಅಂತ ಬರೆದ ಸೆಲ್ ಬರ್ತವೆ. ಅದು ಲಿಥಿಯಂ ಐರನ್ ಫಾಸ್ಫೇಟ್, 3.65 ವೋಲ್ಟಿಗೇ ಅದರ ಹೊಟ್ಟೆ ತುಂಬ್ತದೆ. ಸಾಮಾನ್ಯ ಚಾರ್ಜರ್ ಅದನ್ನ 4.2ರವರೆಗೆ ಎಳೀತದೆ. ಓಪಸ್‌ನಲ್ಲಿ ಇದಕ್ಕೆ ಒಳಗೊಂದು ಸ್ವಿಚ್ ಇದೆ, ಬಿಚ್ಚಿ ಬದಲಿಸಬೇಕು, ಬದಲಿಸಿದ್ರೆ ನಾಲ್ಕೂ ಸ್ಲಾಟಿಗೆ ಅದೇ ಮಿತಿ. ಸೆಲ್ ಮೇಲಿನ ವೋಲ್ಟ್ ಓದದೆ ಹಾಕೋದು ಕಳೆನಾಶಕವೋ ಕೀಟನಾಶಕವೋ ಅಂತ ನೋಡದೆ ಪಂಪಿಗೆ ಸುರಿದಂಗೆ.

ಸ್ಪ್ರೇ ಪಂಪಿನ ಬ್ಯಾಟರಿಗೂ ಇದು ಆಗ್ತದಾ ಅಂತ ಕೇಳ್ತಾರೆ. ಬೆನ್ನಿಗೆ ಹಾಕೋ 16 ಲೀಟರ್ ಪಂಪಿನ 12 ವೋಲ್ಟ್ ಲೆಡ್ ಬ್ಯಾಟರಿ ಈ ಸ್ಲಾಟಿಗೆ ಹಿಡಿಯಲ್ಲ. ಅದಕ್ಕೊಂದು ಮಲ್ಟಿಮೀಟರ್ ಸಾಕು. ಚಾರ್ಜ್ ಮುಗಿದು ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.7 ಆಸುಪಾಸು ಇರಬೇಕು, ಸಿಂಪಡಣೆ ಇಲ್ಲದ ಕಾಲದಲ್ಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಲಿಥಿಯಂ ಪ್ಯಾಕ್ ಇರೋ ಪಂಪುಗಳಲ್ಲಿ ಒಳಗಿರೋದು ಎಷ್ಟೋ ಸಲ ಇದೇ 18650. ಒಂದು ಸೆಲ್ ಸೋತ್ರೆ ಇಡೀ ಪ್ಯಾಕ್ ಸೋಲ್ತದೆ, ಯಾವುದು ಸೋತಿದೆ ಅಂತ ಅನಲೈಸರ್ ತೋರಿಸ್ತದೆ ನಿಜ. ಆದ್ರೆ ಬಿಚ್ಚಿ ಜೋಡಿಸೋದು ಸ್ಪಾಟ್ ವೆಲ್ಡಿಂಗ್ ಗೊತ್ತಿರೋ ಮೆಕ್ಯಾನಿಕ್ ಕೆಲಸ. ಮನೇಲಿ ಬೆಸುಗೆ ಹಾಕೋ ಸಾಹಸ ಬೇಡ.

ಕೊಳ್ಳೋ ಮಾತಿಗೆ ಬರ್ತೀನಿ. ‘ಟಾರ್ಚೇ ಐನೂರು, ಅದಕ್ಕೆ ಸಾವಿರಾರು ರೂಪಾಯಿ ಚಾರ್ಜರಾ?’ ಅಂತ ನಮ್ಮ ದೊಡ್ಡಪ್ಪನೇ ಕೇಳಿದ್ರು. ಒಬ್ಬನಿಗೆ ಅಂದ್ರೆ ದಂಡವೇ. ನಿಮ್ಮ ಹತ್ರ ಇರೋ ಎರಡು ಸೆಲ್ಲಿಗೆ ವರ್ಷಕ್ಕೆ ಎರಡು ಸಲ ಟೆಸ್ಟ್ ಸಾಕು, ಉಳಿದ ದಿನ ಯಂತ್ರ ಧೂಳು ತಿನ್ನುತ್ತೆ. ಹತ್ತು ಜನ ಹಂಚ್ಕೊಂಡ್ರೆ ತಲೆಗೆ ಬೀಳೋದು ಒಂದು ಒಳ್ಳೆ ಸೆಲ್ಲಿನ ಬೆಲೆಯಷ್ಟು. ಹಾಲಿನ ಡೈರಿ, ಸಹಕಾರ ಸಂಘ, ಎಫ್‌ಪಿಒ ಕಚೇರಿಯ ಮೂಲೆಯಲ್ಲಿ ಒಂದು ಇಟ್ರೂ ಆಯ್ತು. ಡೈರಿಯಲ್ಲಿ ಹಾಲಿನ ಫ್ಯಾಟ್ ಅಳೆಯೋಕೆ ಯಂತ್ರ ಇಟ್ಟಿದ್ದೀವಿ, ಅದರ ಪಕ್ಕದಲ್ಲೇ ಇದೂ ಕೂರಲಿ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಕೊಡ್ತಾರೆ. ಅಂಗೈಯಗಲದ ಈ ಯಂತ್ರವನ್ನೂ ಅಲ್ಲಿಡಿ ಅಂತ ಯಾಕೆ ಕೇಳಬಾರದು? ನಾನಂತೂ ಮುಂದಿನ ಸಲ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಬರೆದು ಕೊಡೋನಿದ್ದೀನಿ. ಹಳೇ ಅಂಕಿಗಳ ನೋಟ್ ಪುಸ್ತಕವೂ ಜೊತೆಗೆ ಬರ್ತದೆ.

ಸತ್ತ ಸೆಲ್ ಏನು ಮಾಡೋದು? ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ 2022ರಲ್ಲೇ ಬಂದಿದೆ, ತಯಾರಿಸಿ ಮಾರೋರೇ ವಾಪಸ್ ತಗೊಳ್ಳೋ ವ್ಯವಸ್ಥೆ ಮಾಡಬೇಕು ಅಂತ. ಹಳ್ಳಿಗೆ ಅದು ಇನ್ನೂ ಸರಿಯಾಗಿ ತಲುಪಿಲ್ಲ. ಹಾಗಂತ ತಿಪ್ಪೆಗೆ ಎಸೀಬೇಡಿ, ಕಸದ ಗಾಡಿಯಲ್ಲಿ ಬೇರೆ ಕಸದ ಜೊತೆ ಸೇರಿಸಬೇಡಿ, ಒಲೆಗಂತೂ ಹಾಕಲೇಬೇಡಿ. ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಒಣಗಿದ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂಗೆ ಇಟ್ಟು, ಸಿಟಿಗೆ ಬಂದಾಗ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ. ನನ್ನ ರೂಮಿನ ಡಬ್ಬಿಯಲ್ಲಿ ಈಗ ಇಪ್ಪತ್ತಮೂರು ಇವೆ, ಅದರಲ್ಲಿ ಹದಿನಾಲ್ಕರ ಮೇಲೆ 9900 ಅಂತ ಬರೆದಿದೆ.