ವಿದೇಶಯಾತ್ರಿಕನು ಇ-ಸಿಮ್ಮನ್ನು ಆರಿಸುವ ಬಗೆ

ಇಂದು ನಮ್ಮ ನಾಡಿನ ತರುಣ ತರುಣಿಯರು ವಿದ್ಯಾರ್ಜನೆಗಾಗಿ ದೂರದೇಶಗಳಿಗೆ ಹೋಗುವುದು ಅಪೂರ್ವವಾದ ಸಂಗತಿಯೇನೂ ಅಲ್ಲ. ವೀಸಾ, ವಿಮಾನದ ಟಿಕೆಟ್ಟು, ಚಳಿಯ ಉಡುಪು, ಮನೆಯವರು ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿ ಇವೆಲ್ಲವನ್ನೂ ತಿಂಗಳುಗಟ್ಟಲೆ ಯೋಚಿಸಿ ಸಿದ್ಧಪಡಿಸಿಕೊಳ್ಳುವ ವಿದ್ಯಾರ್ಥಿಯು, ಅಲ್ಲಿ ಇಳಿದೊಡನೆ ತನ್ನ ಮೊಬೈಲಿಗೆ ಡೇಟಾ ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ಮಾತ್ರ ಹೊರಡುವ ಹಿಂದಿನ ರಾತ್ರಿಗೆ ಬಿಟ್ಟಿರುತ್ತಾನೆ. ಆ ರಾತ್ರಿ ಜಾಹೀರಾತುಗಳನ್ನು ತೆರೆದು ನೋಡಿ, ಎಲ್ಲಕ್ಕಿಂತ ಅಗ್ಗವಾದ ಇ-ಸಿಮ್ ಯಾವುದೋ ಅದಕ್ಕೆ ಹಣ ತೆತ್ತು ನಿಶ್ಚಿಂತನಾಗುತ್ತಾನೆ. ಈ ಪದ್ಧತಿಯು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಇ-ಸಿಮ್ಮಿನ ಬೆಲೆಯನ್ನು ಕೇಳುವ ಮೊದಲು ಅದು ನಮ್ಮ ಸಂದೇಶವನ್ನು ಯಾವ ದಾರಿಯಲ್ಲಿ ಕೊಂಡೊಯ್ಯುತ್ತದೆ ಎಂಬುದನ್ನು ಕೇಳಬೇಕು. ಏಕೆ ಕೇಳಬೇಕೆಂಬುದನ್ನು ಕೊಂಚ ವಿಚಾರಮಾಡೋಣ.

ಮೊದಲು ಸಿಮ್ ಎಂದರೇನೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. 1991ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಗೀಸೆಕೆ ಉಂಡ್ ಡೆವ್ರಿಯೆಂಟ್ ಎಂಬ ಕಂಪನಿಯು ಮೊತ್ತಮೊದಲ 300 ಸಿಮ್ ಕಾರ್ಡುಗಳನ್ನು ಫಿನ್ಲೆಂಡಿನ ರೇಡಿಯೋಲಿನ್ಯಾ ಎಂಬ ದೂರವಾಣಿ ಸಂಸ್ಥೆಗೆ ಮಾರಿತು. ಕಾರ್ಡಿನ ಗಾತ್ರವು ಅಂದಿನಿಂದ ಇಂದಿಗೆ ಬಹಳ ಕುಗ್ಗಿದೆಯಾದರೂ ಅದರ ಕೆಲಸವು ಬದಲಾಗಿಲ್ಲ. ಅದರೊಳಗೆ ಗ್ರಾಹಕನ ಗುರುತಿನ ಸಂಖ್ಯೆಯೊಂದು, ಜೊತೆಗೆ ಒಂದು ರಹಸ್ಯಸಂಖ್ಯೆ, ಇವೆರಡೂ ಅಡಗಿರುತ್ತವೆ. ಫೋನು ಜಾಲವನ್ನು ಸೇರಲು ಬಂದಾಗ ಜಾಲವು ಯಾವುದೋ ಒಂದು ಸಂಖ್ಯೆಯನ್ನು ಕಳುಹಿಸಿ ಪ್ರಶ್ನೆ ಹಾಕುತ್ತದೆ. ಕಾರ್ಡು ಅದನ್ನು ತನ್ನ ರಹಸ್ಯದೊಡನೆ ಬೆರೆಸಿ ಲೆಕ್ಕ ಮಾಡಿ ಉತ್ತರವನ್ನು ಮಾತ್ರ ಹಿಂದಿರುಗಿಸುತ್ತದೆ. ರಹಸ್ಯವು ಎಂದೂ ಗಾಳಿಯಲ್ಲಿ ಹಾರುವುದಿಲ್ಲ. ಉತ್ತರವು ಸರಿಯಿದ್ದರೆ ಬಾಗಿಲು ತೆರೆಯುತ್ತದೆ.

ಇ-ಸಿಮ್ ಎಂಬುದು ಈ ಏರ್ಪಾಟಿನ ಹೊಸ ರೂಪವೇ ಹೊರತು ಬೇರೆಯ ವಸ್ತುವಲ್ಲ. ಇಲ್ಲಿ ತೆಗೆದು ಹಾಕುವ ಕಾರ್ಡಿಲ್ಲ. ಅದೇ ಬಗೆಯ ಪುಟ್ಟ ಚಿಪ್ಪನ್ನು ತಯಾರಕರು ಫೋನಿನೊಳಗೆ ಬೆಸೆದಿರುತ್ತಾರೆ. ಗುರುತು ಮತ್ತು ರಹಸ್ಯಗಳ ಗಂಟನ್ನು ಗೂಢಲಿಪಿಯಲ್ಲಿ ಅಂತರಜಾಲದ ಮೂಲಕ ಆ ಚಿಪ್ಪಿಗೆ ಇಳಿಸಲಾಗುತ್ತದೆ. ಇದಕ್ಕೆ ಪ್ರೊಫೈಲ್ ಎಂದು ಹೆಸರು. ಮಾರಾಟಗಾರನು ಕೊಡುವ ಕ್ಯೂಆರ್ ಚಿತ್ರದಲ್ಲಿ ಇರುವುದು ಆ ಗಂಟಲ್ಲ, ಅದು ದೊರೆಯುವ ಸ್ಥಳದ ವಿಳಾಸ ಮತ್ತು ಅದನ್ನು ಪಡೆಯುವ ಚೀಟಿ ಮಾತ್ರ. ಸಾಮಾನ್ಯವಾಗಿ ಆ ಚೀಟಿಯು ಒಂದೇ ಬಾರಿ ಸಲ್ಲುವುದರಿಂದ, ಒಮ್ಮೆ ಇಳಿಸಿಕೊಂಡ ಪ್ರೊಫೈಲನ್ನು ಅಳಿಸಿಹಾಕಿ ಮತ್ತೆ ಪಡೆಯೋಣವೆಂದು ಎಣಿಸುವುದು ಜಾಣತನವಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಪ್ರವಾಸಿಗಳಿಗೆ ಇ-ಸಿಮ್ ಮಾರುವ ಸಂಸ್ಥೆಗಳಲ್ಲಿ ಹೆಚ್ಚಿನವುಗಳಿಗೆ ಸ್ವಂತದ ಒಂದು ಗೋಪುರವೂ ಇರುವುದಿಲ್ಲ. ಅವು ಯಾವುದೋ ದೇಶದ ದೂರವಾಣಿ ಸಂಸ್ಥೆಯಿಂದ ಪ್ರೊಫೈಲುಗಳನ್ನು ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುತ್ತವೆ. ಆದಕಾರಣ ಪ್ರತಿಯೊಂದು ಪ್ರೊಫೈಲಿಗೂ ಒಂದು ತವರುಮನೆ ಇದ್ದೇ ಇರುತ್ತದೆ. ಗುರುತಿನ ಸಂಖ್ಯೆಯ ಮೊದಲ ಮೂರು ಅಂಕಿಗಳೇ ಆ ದೇಶವನ್ನು ಸೂಚಿಸುತ್ತವೆ. ಭಾರತದ ಕಾರ್ಡುಗಳಲ್ಲಿ ಅವು 404 ಅಥವಾ 405 ಆಗಿರುವುದನ್ನು ಕಾಣಬಹುದು. ಪ್ರವಾಸಿಯು ಇಳಿದ ದೇಶದ ಜಾಲವು ಅವನನ್ನು ಅತಿಥಿಯೆಂದು ಬರಮಾಡಿಕೊಳ್ಳುತ್ತದೆಯಾದರೂ, ಅವನ ಡೇಟಾವನ್ನು ಅಲ್ಲಿಯೇ ಅಂತರಜಾಲಕ್ಕೆ ಬಿಡದೆ ಅನೇಕ ವೇಳೆ ತವರಿಗೆ, ಇಲ್ಲವೆ ತವರಿನವರು ಗೊತ್ತುಮಾಡಿದ ಇನ್ನೊಂದು ದೇಶಕ್ಕೆ ಸಾಗಿಸುತ್ತದೆ. ಅದು ಅಂತರಜಾಲದ ಬಯಲಿಗೆ ಬರುವುದು ಆ ಊರಿನಲ್ಲಿ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಕಾಣೋಣ. ಬೆಂಗಳೂರಿನಿಂದ ಹೊರಟ ವಿದ್ಯಾರ್ಥಿಯೊಬ್ಬಳು ಮ್ಯೂನಿಕ್ಕಿನಲ್ಲಿ ಇಳಿದಳೆಂದೂ, ಅವಳು ಕೊಂಡ ಇ-ಸಿಮ್ಮಿನ ಡೇಟಾ ಸಿಂಗಪುರದಲ್ಲಿ ಹೊರಬೀಳುವುದೆಂದೂ ಇಟ್ಟುಕೊಳ್ಳೋಣ. ಪಕ್ಕದ ಬೀದಿಯ ಟ್ರಾಮಿನ ವೇಳೆಯನ್ನು ಅವಳು ಕೇಳುತ್ತಾಳೆ. ಆ ಮಾಹಿತಿಯುಳ್ಳ ಯಂತ್ರವು ಸುಮಾರು 300 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟಿನಲ್ಲಿದೆ ಎನ್ನೋಣ. ಪ್ರಶ್ನೆಯು ಮೊದಲು ಸುಮಾರು 10,000 ಕಿಲೋಮೀಟರ್ ದೂರದ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಅಷ್ಟೇ ದೂರ ಹಿಂದಿರುಗಿ ಫ್ರಾಂಕ್‌ಫರ್ಟನ್ನು ಮುಟ್ಟಬೇಕು. ಉತ್ತರವೂ ಹಾಗೆಯೇ ಸಿಂಗಪುರವನ್ನು ಕಂಡು ಬರಬೇಕು. ಒಟ್ಟು ದಾರಿ ಸುಮಾರು 40,000 ಕಿಲೋಮೀಟರ್. ಎಂದರೆ ಭೂಮಿಯ ಸುತ್ತಳತೆಯಷ್ಟು! ಗಾಜಿನ ಎಳೆಯೊಳಗೆ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಆದುದರಿಂದ ಈ ಪ್ರದಕ್ಷಿಣೆಗೆ ಕನಿಷ್ಠಪಕ್ಷ ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ನೇರವಾಗಿ ಹೋಗಿ ಬಂದಿದ್ದರೆ ಸೆಕೆಂಡಿನ ಸಾವಿರದಲ್ಲಿ ಮೂರು ಭಾಗ ಸಾಕಾಗುತ್ತಿತ್ತು. ಒಂದು ಪುಟವು ತೆರೆಯಬೇಕಾದರೆ ಇಂತಹ ಪ್ರಶ್ನೋತ್ತರಗಳು ಸಾಮಾನ್ಯವಾಗಿ ಎರಡು ಮೂರು ಬಾರಿ ನಡೆಯಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಹೋದರು ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯುವುದು ಕಷ್ಟ. ಎದುರಿನ ಗೋಪುರವು 5ಜಿ ಆಗಿದ್ದರೂ ಈ ವಿಳಂಬವು ತಪ್ಪದು; ದೂರವನ್ನು ಯಾವ ಗೋಪುರವೂ ಕಡಿಮೆ ಮಾಡಲಾರದು.

ವಿಳಂಬವೊಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ದಾರಿ ಯಾವ ದೇಶದಲ್ಲಿ ಹಾದುಹೋಗುವುದೋ ಆ ದೇಶದ ಕಾನೂನಿನ ಕಣ್ಣಿಗೂ ಡೇಟಾ ಬೀಳುತ್ತದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅನೇಕ ಪ್ರವಾಸಿ ಇ-ಸಿಮ್ಮುಗಳ ಡೇಟಾ ಬಳಕೆದಾರನಿಗೆ ತಿಳಿಯದಂತೆ ಮೂರನೆಯ ದೇಶಗಳ ಜಾಲಗಳ ಮೂಲಕ, ಕೆಲವು ವೇಳೆ ಚೀನಾದ ಜಾಲದ ಮೂಲಕ, ಹರಿಯುವುದನ್ನು ತೋರಿಸಿದರು. ಬ್ಯಾಂಕಿನ ವ್ಯವಹಾರವೂ ಖಾಸಗಿ ಸಂದೇಶಗಳೂ ಇಂದು ಬಹುಮಟ್ಟಿಗೆ ಗೂಢಲಿಪಿಯಲ್ಲಿಯೇ ಸಾಗುವುದರಿಂದ ಅವುಗಳ ಒಳಗಿನ ಮಾತು ಬಯಲಾಗುವುದೆಂದು ಹೆದರಬೇಕಾಗಿಲ್ಲ. ಆದರೆ ಯಾರು, ಯಾವಾಗ, ಯಾವ ತಾಣವನ್ನು ಸಂದರ್ಶಿಸಿದರೆಂಬುದು ದಾರಿಯಲ್ಲಿರುವವನಿಗೆ ಎಷ್ಟೋ ಮಟ್ಟಿಗೆ ಕಾಣುತ್ತದೆ. ಲಕೋಟೆಯನ್ನು ಒಡೆಯದೆಯೂ ಮೇಲಿನ ವಿಳಾಸವನ್ನು ಓದಬಹುದಲ್ಲವೆ?

ಹೀಗೆಂದ ಮಾತ್ರಕ್ಕೆ ಬಳಸುದಾರಿ ಎಂದಿಗೂ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಚೀನಾಕ್ಕೆ ಹೋದವನು ಅಲ್ಲಿಯ ಸಿಮ್ಮನ್ನು ಹಾಕಿಕೊಂಡರೆ ಗೂಗಲ್, ವಾಟ್ಸ್‌ಆಪ್ ಮೊದಲಾದವು ಅವನಿಗೆ ದೊರೆಯುವುದಿಲ್ಲ. ಹೊರದೇಶದ ಸಿಮ್ಮಾದರೆ ಡೇಟಾ ಹೊರಗೆ ಹೋಗಿ ತೆರೆಯುವುದರಿಂದ ಅವು ಸಾಮಾನ್ಯವಾಗಿ ದೊರೆಯುತ್ತವೆ. ನಾಲ್ಕು ದಿನ ಊರು ನೋಡಿ ಬರುವವನಿಗೆ ಸೆಕೆಂಡಿನ ಐದನೆಯ ಒಂದು ಭಾಗದಿಂದ ಆಗುವ ನಷ್ಟವೂ ಅಲ್ಪವೇ ಎಂದು ಕೆಲವರು ವಾದಿಸಬಹುದು. ಆ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಅದನ್ನು ಅಲ್ಪವೆಂದು ತೀರ್ಮಾನಿಸಬೇಕಾದವನು ಕೊಳ್ಳುವವನೇ ಹೊರತು ಮಾರುವವನಲ್ಲ. ದೂರದಿಂದಲೇ ಪ್ರಾಧ್ಯಾಪಕರ ಸಂದರ್ಶನಕ್ಕೆ ಉತ್ತರ ಹೇಳಬೇಕಾದ ವಿದ್ಯಾರ್ಥಿಗೆ ಆ ವಿಳಂಬವು ಅಲ್ಪವಾಗದು.

ಹಾಗಾದರೆ ಕೊಳ್ಳುವ ಮುನ್ನ ಏನನ್ನು ಕೇಳಬೇಕು? ಪ್ರೊಫೈಲಿನ ತವರು ಯಾವುದು, ಡೇಟಾ ಯಾವ ದೇಶದಲ್ಲಿ ಹೊರಬೀಳುತ್ತದೆ ಎಂಬುದು ಮೊದಲನೆಯ ಪ್ರಶ್ನೆ. ಅಲ್ಲಿ ಯಾವ ಯಾವ ಜಾಲಗಳನ್ನು ಅದು ಸೇರಬಲ್ಲದೆಂಬುದು ಎರಡನೆಯದು. ಜರ್ಮನಿಯಲ್ಲಿ ಟೆಲಿಕಾಮ್, ವೊಡಾಫೋನ್, ಟೆಲಿಫೋನಿಕಾ ಎಂಬ ದೊಡ್ಡ ಜಾಲಗಳಿವೆ. ಒಂದನ್ನೇ ನಂಬಿದ ಸಿಮ್ ಹಳ್ಳಿಗಾಡಿನಲ್ಲಿ ಕೈಕೊಡಬಹುದು. ಮೂರನೆಯದು, ‘ಅಮಿತ ಡೇಟಾ’ ಎಂಬ ಮಾತಿನ ಅರ್ಥವೇನು? ದಿನಕ್ಕೆ ಇಷ್ಟೆಂದು ಮುಗಿದ ಮೇಲೆ ವೇಗವನ್ನು ಸೆಕೆಂಡಿಗೆ 128 ಕಿಲೋಬಿಟ್ಟಿಗೆ ಇಳಿಸುವರೆಂದರೆ, 1 ಜಿಬಿ ಡೇಟಾ ಪಡೆಯಲು 17 ಗಂಟೆಗಿಂತ ಹೆಚ್ಚು ಕಾಲ ಬೇಕು. ವಾಚಕರು ಬೇಕಾದರೆ ತಾವೇ ಭಾಗಾಕಾರ ಮಾಡಿ ನೋಡಬಹುದು. ಇಂತಹುದನ್ನು ಅಮಿತವೆನ್ನುವುದು ಭಾಷೆಗೆ ಮಾಡುವ ಅಪಚಾರ. ನಾಲ್ಕನೆಯದು, ಅವಧಿಯ ಎಣಿಕೆಯು ಪ್ರೊಫೈಲನ್ನು ಇಳಿಸಿದಂದೇ ಆರಂಭವಾಗುವುದೋ, ಅಲ್ಲಿಯ ಜಾಲವನ್ನು ಸೇರಿದಂದೋ ಎಂಬುದು.

ಐದನೆಯ ಪ್ರಶ್ನೆಯು ಬಹಳ ಜನರನ್ನು ಕಷ್ಟಕ್ಕೆ ಸಿಕ್ಕಿಸುವಂತಹುದು. ಪ್ರವಾಸಿ ಇ-ಸಿಮ್ಮುಗಳಲ್ಲಿ ಅನೇಕವು ಡೇಟಾವನ್ನು ಮಾತ್ರ ಕೊಡುತ್ತವೆ. ಅವುಗಳಿಗೆ ಕರೆ ಮಾಡಬಹುದಾದ ದೂರವಾಣಿ ಸಂಖ್ಯೆ ಇರುವುದಿಲ್ಲ. ಇತ್ತ ನಮ್ಮ ಬ್ಯಾಂಕುಗಳು ಹಣ ಕಳುಹಿಸುವಾಗ ಒಟಿಪಿಯನ್ನು ಅಟ್ಟುವುದು ಊರಿನ ಹಳೆಯ ಸಂಖ್ಯೆಗೆ. ಆ ಸಿಮ್ಮನ್ನು ತೆಗೆದು ಪೆಟ್ಟಿಗೆಯ ತಳದಲ್ಲಿಟ್ಟವನು ಶುಲ್ಕ ಕಟ್ಟುವ ಕಡೆಯ ದಿನ ಏನು ಮಾಡಬೇಕು? ಆದುದರಿಂದ ಹೊರಡುವ ಮುನ್ನವೇ ಭಾರತದ ಸಂಖ್ಯೆಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ತೆರೆಯಿಸಿ, ವಿದೇಶದಲ್ಲಿ ಸಂದೇಶ ಸ್ವೀಕರಿಸಲು ದರವೇನೆಂದು ಕೇಳಿ, ಆ ಸಿಮ್ಮಿನ ಡೇಟಾ ರೋಮಿಂಗನ್ನು ಮಾತ್ರ ಆರಿಸಿಟ್ಟು, ಡೇಟಾಕ್ಕಾಗಿ ಇ-ಸಿಮ್ಮನ್ನು ಗೊತ್ತುಮಾಡಬೇಕು. ಎರಡು ಸಿಮ್ಮುಗಳನ್ನು ಒಟ್ಟಿಗೆ ಎಚ್ಚರವಾಗಿಡುವ ಶಕ್ತಿ ಇಂದಿನ ಇ-ಸಿಮ್ ಫೋನುಗಳಿಗೆ ಸಾಮಾನ್ಯವಾಗಿ ಉಂಟು. ಪ್ರೊಫೈಲನ್ನು ಇಳಿಸಿಕೊಳ್ಳಲು ಅಂತರಜಾಲವೇ ಬೇಕಾದುದರಿಂದ ಆ ಕೆಲಸವನ್ನು ಮನೆಯಲ್ಲಿಯೇ ಮುಗಿಸುವುದು ಲೇಸು.

ಮಾರಾಟಗಾರನ ಯೋಗ್ಯತೆಯನ್ನೂ ನೋಡಬೇಕು. ವಿದೇಶೀ ಸಂಸ್ಥೆಗಳ ಸಿಮ್ಮುಗಳನ್ನು ಅನುಮತಿಪತ್ರವಿಲ್ಲದೆ ಮಾರುತ್ತಿದ್ದ ಎರಡು ಸಂಸ್ಥೆಗಳ ತಾಣಗಳನ್ನು ಭಾರತ ಸರ್ಕಾರವು 2024ರ ಜನವರಿಯಲ್ಲಿ ತಡೆಹಿಡಿಯಿಸಿತು; ಅವುಗಳ ಆಪ್‌ಗಳು ಇಲ್ಲಿಯ ಅಂಗಡಿಗಳಿಂದ ಮರೆಯಾದುವು. ಸೈಬರ್ ವಂಚಕರು ಇಂತಹ ಸಿಮ್ಮುಗಳನ್ನು ದುರುಪಯೋಗ ಮಾಡುವರೆಂಬ ಆತಂಕವೇ ಇದಕ್ಕೆ ಕಾರಣ. ಹಣ ಕೊಡುವ ಮುನ್ನ ಮಾರುವವನಿಗೆ ಅನುಮತಿ ಇದೆಯೇ ಎಂದು ವಿಚಾರಿಸುವುದು ಅತಿಯಾದ ಎಚ್ಚರವಲ್ಲ.

ಇನ್ನು ವರ್ಷಗಟ್ಟಲೆ ಅಲ್ಲಿ ನೆಲಸುವವರು ಪ್ರವಾಸಿ ಇ-ಸಿಮ್ಮನ್ನು ಮೊದಲ ವಾರದ ಸೇತುವೆಯೆಂದು ಮಾತ್ರ ಭಾವಿಸಬೇಕು. ಜರ್ಮನಿಯಲ್ಲಿ 2017ರ ಜುಲೈಯಿಂದ ಮುಂಗಡ ಹಣದ ಸಿಮ್ಮಿಗೂ ಗುರುತಿನ ಪರಿಶೀಲನೆಯು ಕಡ್ಡಾಯವಾಗಿದೆ. ಅದನ್ನು ಪೂರೈಸಿ ಸ್ಥಳೀಯ ಸಂಖ್ಯೆಯನ್ನು ಪಡೆದರೆ ಡೇಟಾ ಅಲ್ಲಿಯೇ ಹೊರಬೀಳುತ್ತದೆ. ಅಷ್ಟೇ ಅಲ್ಲದೆ 2017ರ ಜೂನ್ 15ರಿಂದ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಯಮದಂತೆ, ನ್ಯಾಯವಾದ ಮಿತಿಯೊಳಗೆ ಅದೇ ಸಿಮ್ಮನ್ನು ಆಸ್ಟ್ರಿಯಾದಲ್ಲಿಯೂ ಇಟಲಿಯಲ್ಲಿಯೂ ಹೆಚ್ಚಿನ ಶುಲ್ಕವಿಲ್ಲದೆ ಬಳಸಬಹುದು. ನೆರೆಯ ಸ್ವಿಟ್ಜರ್ಲೆಂಡ್ ಮಾತ್ರ ಆ ನಿಯಮದ ಹೊರಗಿದೆಯೆಂಬುದನ್ನು ಗಡಿ ದಾಟುವಾಗ ನೆನಪಿಡಬೇಕು.

ಆಹಾರದ ಪೊಟ್ಟಣದ ಮೇಲೆ ಒಳಗಿರುವ ಪದಾರ್ಥಗಳನ್ನು ಅಚ್ಚುಮಾಡಬೇಕೆಂಬ ಕಟ್ಟಳೆ ಉಂಟು. ಇ-ಸಿಮ್ ಮಾರುವವರೂ ತವರು ದೇಶ, ಡೇಟಾ ಹೊರಬೀಳುವ ಸ್ಥಳ, ಸೇರಬಲ್ಲ ಜಾಲಗಳು, ಮಿತಿ ಮುಗಿದ ಮೇಲಿನ ವೇಗ, ಈ ನಾಲ್ಕನ್ನು ಬೆಲೆಯ ಪಕ್ಕದಲ್ಲಿಯೇ ಅಚ್ಚುಮಾಡತಕ್ಕದ್ದೆಂದು ನಾವು ಬಯಸುತ್ತೇವೆ. ಅಲ್ಲಿಯವರೆಗೆ ವಿದ್ಯಾರ್ಥಿಗಳು ಪ್ರಯೋಗದ ದಾರಿಯನ್ನು ಹಿಡಿಯಬಹುದು. ಮೊದಲು ಅತಿ ಚಿಕ್ಕ ಪ್ಯಾಕನ್ನು ಕೊಂಡು, ಅಲ್ಲಿ ಇಳಿದ ಮೇಲೆ ವೈಫೈಯನ್ನು ಆರಿಸಿ, ಐಪಿ ವಿಳಾಸವನ್ನು ತೋರಿಸುವ ಯಾವುದಾದರೂ ತಾಣವನ್ನು ತೆರೆದರೆ ಡೇಟಾ ಹೊರಬೀಳುವ ದೇಶದ ಹೆಸರು ಸಾಮಾನ್ಯವಾಗಿ ಎದುರಿಗೆ ಬರುತ್ತದೆ. ಮ್ಯೂನಿಕ್ಕಿನಲ್ಲಿ ನಿಂತು ಸಿಂಗಪುರದ ಹೆಸರನ್ನು ಓದಿದವರಿಗೆ ಮುಂದಿನ ಪ್ಯಾಕನ್ನು ಎಲ್ಲಿ ಕೊಳ್ಳಬೇಕೆಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ.