ಹನ್ನೆರಡು ಗಂಟೆ ರಾಯರ ಉತ್ತರ

ನಮ್ಮ ದೆಹಲಿ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನನಗೊಂದು ಹೊಸ ಹೆಸರು ಬಿದ್ದಿದೆ, "ಹನ್ನೆರಡು ಗಂಟೆ ರಾಯರು". ಹೆಸರು ಇಟ್ಟುಕೊಳ್ಳಲಿ, ಬೇಜಾರಿಲ್ಲ. ಆದರೆ ಅದರ ಹಿಂದಿನ ವಾದ ಶುದ್ಧ ತಪ್ಪು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗಿದ್ದಿಷ್ಟು. ಜೂನ್ ಮೊದಲ ವಾರ ಹದಿನಾಲ್ಕು ಜನ ಮನಾಲಿಯ ಮೇಲಿರುವ ಭೃಗು ಸರೋವರಕ್ಕೆ ಹೊರಟೆವು. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಮನಾಲಿ, ಭಾನುವಾರ ಗುಲಾಬಾದಿಂದ ಹತ್ತಿ ಸಂಜೆಗೆ ವಾಪಸ್. ಮನಾಲಿ ಸುಮಾರು 2,000 ಮೀಟರ್, ಸರೋವರ 4,200ಕ್ಕೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ದೆಹಲಿಯದರ ಸುಮಾರು 60 ಪರ್ಸೆಂಟ್ ಅಷ್ಟೇ. "ಮಲಗೋದು ಕೆಳಗೇ ತಾನೇ ಸಾರ್, ಏನೂ ಆಗಲ್ಲ" ಎಂದರು ನಮ್ಮ ಮುಂದಾಳು. ಅರ್ಧ ಸತ್ಯ. ತಲೆನೋವು, ವಾಂತಿಗೆ ರಾತ್ರಿಯಾಗಲೇಬೇಕು ಅಂತೇನಿಲ್ಲ.

ಅದಕ್ಕಿಂತ ದೊಡ್ಡ ಶತ್ರು ಗಡಿಯಾರ. ಬೆಳಿಗ್ಗೆ ಹಿಮ ಗಟ್ಟಿ, ಕಾಲು ನಿಲ್ಲುತ್ತದೆ. ಬಿಸಿಲೇರಿದಂತೆ ಮೆತ್ತಗಾಗಿ ಮೊಣಕಾಲುದ್ದ ಹೂತುಹೋಗುತ್ತದೆ. ಮಧ್ಯಾಹ್ನ ಮೋಡ ಇಳಿಯಿತೋ, ನೆಲವೂ ಬಿಳಿ ಆಕಾಶವೂ ಬಿಳಿ, ಬಂದ ದಾರಿ ಯಾವುದೆಂದೇ ತಿಳಿಯದು. ಸರೋವರ ಇನ್ನೂ ದೂರವಿತ್ತು, ನಾನು 12 ಗಂಟೆಗೆ ತಿರುಗಿದೆ. ಇಬ್ಬರು ಜೊತೆಗೆ ಬಂದರು. ಉಳಿದವರು "ಇನ್ನೊಂದೇ ಗುಡ್ಡ" ಎನ್ನುತ್ತಾ ಎರಡೂವರೆಗೆ ತಲುಪಿದರಂತೆ. ರಸ್ತೆಗೆ ಬಂದದ್ದು ರಾತ್ರಿ ಒಂಬತ್ತಕ್ಕೆ, ಮೊಬೈಲ್ ಬೆಳಕಿನಲ್ಲಿ. ಇಪ್ಪತ್ನಾಲ್ಕರ ಹುಡುಗನೊಬ್ಬ ವಾಂತಿ ಮಾಡಿ ಸುಸ್ತಾಗಿ ಇಬ್ಬರ ಹೆಗಲ ಮೇಲೆ. ಅವನ ತಾಯಿ ಸಂಜೆಯಿಂದ ನನಗೇ ಫೋನ್ ಮಾಡುತ್ತಿದ್ದರು. ಏನಂತ ಹೇಳಲಿ?

(ಅಂದಹಾಗೆ, ಭೃಗು ಸರೋವರ ಪೂರ್ತಿ ಹೆಪ್ಪುಗಟ್ಟುವುದೇ ಇಲ್ಲ ಎಂಬುದು ಅಲ್ಲಿಯವರ ನಂಬಿಕೆ. ಇವರ ಫೋಟೋದಲ್ಲಿ ಇದ್ದದ್ದು ದೊಡ್ಡ ಬಿಳಿ ಪರಾತ, ಅಂಚಿನಲ್ಲಿ ಒಂದಿಷ್ಟು ನೀಲಿ.)

ಈಗ ಇವರ ವಾದ: "ಏನೂ ಆಗಲಿಲ್ಲವಲ್ಲ!" ಸ್ವಾಮಿ, ಬ್ಯಾಂಕಿನಲ್ಲಿ ಕಾಗದಪತ್ರ ನೋಡದೆ ಸಾಲ ಕೊಟ್ಟು, ಅವನು ಕಂತು ಸರಿಯಾಗಿ ಕಟ್ಟಿದ ಅನ್ನಿ. ಆಡಿಟರ್ ಬೆನ್ನು ತಟ್ಟುತ್ತಾರೆಯೇ?

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರ ತಾಲ್‌ಗೆ ಹೋದ 22 ಜನರ ತಂಡ, ಹೆಚ್ಚಿನವರು ನಮ್ಮ ಕರ್ನಾಟಕದವರೇ, ಸರೋವರ ನೋಡಿ ಮರಳುವಾಗ ಹಿಮಬಿರುಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು. ಅವರದು ಹಲವು ದಿನಗಳ ಚಾರಣ. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ, ಆ ಹಕ್ಕೂ ನನಗಿಲ್ಲ. ಆ ಎತ್ತರದಲ್ಲಿ ಜೂನ್ ಅಂದರೆ ಬೇಸಿಗೆಯಲ್ಲ ಎಂದಷ್ಟೇ. ಆ ಸುದ್ದಿ ಬಂದಾಗ ಇದೇ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು, ನೆನಪಿದೆಯೇ?

ಮುಂದಿನ ಜೂನಿನ ಪಟ್ಟಿ ಆಗಲೇ ಶುರುವಾಗಿದೆ. ನನ್ನ ಬೇಡಿಕೆ ಎರಡೇ: ಮೇಲೆ ಹೋಗುವ ಮುನ್ನ ಇನ್ನೊಂದು ರಾತ್ರಿ ಮನಾಲಿಯಲ್ಲಿ, ಮತ್ತು ವಾಪಸ್ ತಿರುಗುವ ಗಂಟೆಯನ್ನು ದುಡ್ಡು ಕೇಳುವ ಮೆಸೇಜಿನಲ್ಲೇ ಬರೆಯಬೇಕು. ಅಲ್ಲಿಯವರೆಗೆ ನನ್ನ ಎರಡು ಸಾವಿರ ಅಡ್ವಾನ್ಸ್ ನನ್ನ ಖಾತೆಯಲ್ಲೇ ಇರುತ್ತದೆ.