ನೆರೆಮನೆಯ ತಾಳ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕೆಂಬುದು ಹಿರಿಯರ ಮಾತು. ಲಯವಾದ್ಯ ನುಡಿಸುವವನಿಗೆ ಈ ಮಾತು ಹೇಗೆ ಅನ್ವಯಿಸೀತು? ಅವನ ಕೋಶ ಗುರುವಿನ ಬಾಯಿಯಲ್ಲಿದೆ. ಅವನ ದೇಶ ತನ್ನ ಸಂಪ್ರದಾಯದ ಎಲ್ಲೆಗೆ ಮುಗಿಯುತ್ತದೆ. ಹತ್ತಾರು ವರ್ಷ ಒಂದೇ ದಾರಿಯಲ್ಲಿ ಪಳಗಿದ ಕೈಗೆ ಒಂದು ಅಪಾಯವೂ ಉಂಟು: ಆಲೋಚನೆಯ ಗೊಡವೆಯಿಲ್ಲದೆ ಅದು ರೂಢಿಯಂತೆ ನುಡಿಯತೊಡಗುತ್ತದೆ. ಅಂಥ ಕೈಯನ್ನು ಎಚ್ಚರಿಸಬಲ್ಲುದು ನೆರೆಮನೆಯ ತಾಳ.

ತಬಲದ ಉಸ್ತಾದ್ ಜಾಕಿರ್ ಹುಸೇನರ ಬಾಳು ಇದಕ್ಕೆ ನಿದರ್ಶನ. 1951ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರಿಗೆ ತಂದೆ ಅಲ್ಲಾರಖಾ ಅವರೇ ಗುರು; ಪಂಜಾಬ್ ಘರಾಣೆಯ ವಿದ್ಯೆ ಮನೆಯ ಸೊತ್ತು. ಕೂಸನ್ನು ಕೈಗೆತ್ತಿಕೊಂಡ ತಂದೆ ಅದರ ಕಿವಿಯಲ್ಲಿ ಪ್ರಾರ್ಥನೆಗೆ ಬದಲಾಗಿ ತಬಲದ ಬೋಲುಗಳನ್ನು ಉಸುರಿದರೆಂದು ಜಾಕಿರರೇ ಹೇಳುತ್ತಿದ್ದರು. ಆದರೆ ಆ ತಂದೆ ಮನೆಯ ಬಾಗಿಲನ್ನು ಮುಚ್ಚಿಕೊಂಡವರಲ್ಲ. ಕರ್ನಾಟಕ ಸಂಗೀತದ ಲಯಗಣಿತವನ್ನು ಆದರದಿಂದ ಅಭ್ಯಸಿಸಿದವರು. ಅಮೆರಿಕದ ಜಾಜ್ ಡ್ರಮ್ ವಾದಕ ಬಡ್ಡಿ ರಿಚ್ ಅವರೊಡನೆ 1968ರಲ್ಲಿ ಧ್ವನಿಮುದ್ರಿಕೆಯನ್ನು ಹೊರತಂದವರು.

ಮಗನು ಇನ್ನೂ ಮುಂದೆ ನಡೆದನು. 1970ರ ದಶಕದಲ್ಲಿ ‘ಶಕ್ತಿ’ ಎಂಬ ವಾದ್ಯಮೇಳದಲ್ಲಿ ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್ ಅವರೊಡನೆ ಜಾಕಿರರು ಕುಳಿತರು. ಅವರ ಜೊತೆಗೆ ಘಟ ನುಡಿಸಿದವರು ವಯಸ್ಸಿನಲ್ಲಿ ಹಿರಿಯರಾದ ಟಿ. ಎಚ್. ವಿನಾಯಕರಾಮ್.

ತಬಲಕ್ಕೂ ಘಟಕ್ಕೂ ಇರುವ ಅಂತರ ಚರ್ಮಕ್ಕೂ ಮಣ್ಣಿಗೂ ಇರುವ ಅಂತರವಷ್ಟೇ ಅಲ್ಲ. ಹಿಂದೂಸ್ತಾನಿಯಲ್ಲಿ ತಾಳವನ್ನು ಹೊತ್ತು ನಿಲ್ಲುವುದು ತಬಲವೇ. ತೀನ್‌ತಾಳದ 16 ಮಾತ್ರೆಗಳನ್ನು ಅದು ಠೇಕಾದಲ್ಲಿ ನುಡಿಯುತ್ತಿದ್ದರೆ ಗಾಯಕನು ನಿಶ್ಚಿಂತನಾಗಿ ವಿಹರಿಸುತ್ತಾನೆ. ದಕ್ಷಿಣದಲ್ಲಾದರೋ ತಾಳವಿರುವುದು ಗಾಯಕನ ಕೈಯಲ್ಲಿ. ಆದಿತಾಳದ 8 ಅಕ್ಷರಗಳನ್ನು ಅವನು ತೊಡೆ ತಟ್ಟಿ, ಬೆರಳೆಣಿಸಿ ತೋರುತ್ತಿರಲು, ಮೃದಂಗ ಘಟಗಳು ಠೇಕಾದ ಹೊರೆಯಿಲ್ಲದೆ ಹಾಡಿನ ನಡೆಯನ್ನು ಅನುಸರಿಸುತ್ತವೆ.

ಮುಕ್ತಾಯದಲ್ಲಿಯೂ ಹೀಗೆಯೇ. ಉತ್ತರದ ತಿಹಾಯಿ ಸಾಮಾನ್ಯವಾಗಿ ಸಮದ ಮೇಲೆ ಬಂದು ನಿಲ್ಲುತ್ತದೆ. 5 ಮಾತ್ರೆಗಳ ನುಡಿಯೊಂದನ್ನು ನಡುನಡುವೆ 1 ಮಾತ್ರೆ ಬಿಟ್ಟು ಮೂರು ಸಲ ನುಡಿಸಿದರೆ ಒಟ್ಟು 17. ಕೊನೆಯ ಪೆಟ್ಟು ಮುಂದಿನ ಆವರ್ತದ ಸಮಕ್ಕೆ ಸರಿಯಾಗಿ ಬೀಳುತ್ತದೆ. ಓದುಗರು ಬೆರಳೆಣಿಸಿ ನೋಡಬಹುದು. ಆದರೆ ಕೀರ್ತನೆಯ ಎಡುಪು ಸಮದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಒಂದೂವರೆ ಅಕ್ಷರ ಕಳೆದು ಹಾಡು ಏಳುವುದಾದರೆ ವಾದಕನ ಲೆಕ್ಕವೂ ಅಲ್ಲಿಗೇ ಬಂದು ಸೇರಬೇಕು. ಸಮದ ಹೆದ್ದಾರಿಯನ್ನು ಮಾತ್ರ ಬಲ್ಲ ಕೈ ಇಲ್ಲಿ ತಡವರಿಸುತ್ತದೆ. ನಿಪುಣನೆಂದು ಹೆಸರಾದವನಿಗೆ ಮತ್ತೆ ತಡವರಿಸುವುದೆಂದರೆ ಸಣ್ಣ ತ್ಯಾಗವಲ್ಲ. ಆದರೆ ಆ ತಡವರಿಕೆಯಲ್ಲಿಯೇ ತನ್ನ ಕೈಯಲ್ಲಿ ಯಾವುದು ವಿದ್ಯೆ, ಯಾವುದು ಬರಿಯ ರೂಢಿ ಎಂಬುದು ಅವನಿಗೆ ಗೋಚರವಾಗುತ್ತದೆ.

ಹೀಗೆ ಊರೂರು ಅಲೆದರೆ ಮನೆತನದ ಬಾಣಿ ಕೆಡದೆ ಎಂದು ಕೇಳುವವರುಂಟು. ಶಂಕೆ ನಿರಾಧಾರವಲ್ಲ. ಅರೆಬರೆ ಕಲಿತವನು ನಾಲ್ಕು ಕಡೆಯ ಚೂರುಗಳನ್ನು ತಂದು ಕೂಡಿಸಿದರೆ ಆಗುವುದು ಕಲಸುಮೇಲೋಗರವೇ. ಜಾಕಿರರಾದರೋ ಬೇರಿಳಿದ ಮೇಲೆ ಕೊಂಬೆ ಚಾಚಿದವರು. ಹೊರಗೆ ಪಡೆದ ಎಚ್ಚರ ಮನೆಯ ಸಂಗೀತಕ್ಕೇ ಒದಗಿತು. ಶಿವಕುಮಾರ ಶರ್ಮರ ಸಂತೂರಿನಲ್ಲಿ ನಾದವು ಹುಟ್ಟಿದೊಡನೆ ಕ್ಷೀಣಿಸುತ್ತದೆ. ಅದರ ಪಕ್ಕದಲ್ಲಿ ಕುಳಿತ ತಬಲಕ್ಕೆ ನುಡಿಯುವಷ್ಟೇ ಸುಮ್ಮನಿರಲೂ ಬರಬೇಕು. ದಶಕಗಳ ಕಾಲ ಆ ಸಾಥಿಯನ್ನು ಕೇಳಿದವರು ಜಾಕಿರರ ಮೌನದ ಹದವನ್ನೂ ಬಲ್ಲರು.

ಅಲ್ಲಾರಖಾ ಅವರು 2000ದ ಫೆಬ್ರವರಿ 3ರಂದು ತೀರಿಕೊಂಡರು. ಬಳಿಕ ಮಗನು ಆ ದಿನ ಮುಂಬಯಿಯಲ್ಲಿ ಕಛೇರಿ ನಡೆಸಿ, ದೇಶವಿದೇಶಗಳ ಲಯವಾದ್ಯಗಾರರನ್ನು ಕರೆಸಿ ತಂದೆಯನ್ನು ಸ್ಮರಿಸುತ್ತಿದ್ದರು. 2024ರ ಡಿಸೆಂಬರ್ 15ರಂದು ಜಾಕಿರರೂ ಇಲ್ಲವಾದರು. ಗುರುವಿನ ತಿಥಿಗೆ ನೆರೆಹೊರೆಯ ತಾಳಗಳನ್ನೆಲ್ಲ ಕರೆದ ಶಿಷ್ಯನು ಘರಾಣೆಯನ್ನು ತೊರೆದನೆಂದು ಯಾರು ಹೇಳಿಯಾರು?